ಹಾರಾಕಿಯೋ, ಹಾರಸಾಕಿಯೋ?

ನಾನು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತೇನೆ ಅಂತ ನಮ್ಮ ಬೈಲಹೊಂಗಲದ ಕಡೆ ಯಾರ ಮುಂದೆ ಹೇಳಿದರೂ ಆ ಮಾತು ನೆಟ್ಟಗೆ ಮುಗಿಯುವುದಿಲ್ಲ. ಒಂದಿಲ್ಲೊಂದು ಫಜೀತಿಗೆ ಬಂದು ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸುರುವಾದದ್ದೂ ಅಲ್ಲ ಇದು. ಯಾವ ಕೆಲಸಕ್ಕೆ ಸೇರಬೇಕು ಅಂತ ಮನೆಯಲ್ಲಿ ವಿಚಾರ ನಡೆದಾಗಿನಿಂದಲೇ ನಡೆದಿದೆ.

ಕಂಟ್ರೋಲರ್ ಅಂದರೆ

ತೊಂಬತ್ತರ ದಶಕದ ಕೊನೆಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಮನೆಗೆ ಬಂದಾಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಪೈಲಟ್ ತರಬೇತಿ. ಇನ್ನೊಂದು, ಏರ್ ಟ್ರಾಫಿಕ್ ಕಂಟ್ರೋಲರ್ ಪರೀಕ್ಷೆ. ಪೈಲಟ್ ಆಗಲಿ ಅನ್ನುವುದು ಅಪ್ಪನ ಆಸೆ. ಅಪ್ಪನದು ಹತ್ತಿ ಅಡತಿ, ಅಂದರೆ ದಲಾಲಿ ಅಂಗಡಿ. ಜೀವನದಲ್ಲಿ ವಿಮಾನವನ್ನು ಹತ್ತಿರದಿಂದ ನೋಡಿದವರಲ್ಲ, ಆದರೆ ನನ್ನ ಮಗಳು ವಿಮಾನ ಹೊಡೀತಾಳ ಅಂತ ಇಡೀ ಮಾರುಕಟ್ಟೆಗೆ ಹೇಳಿ ಬಂದಿದ್ದರು.

ಕಂಟ್ರೋಲರ್ ಪರೀಕ್ಷೆಯ ಸುದ್ದಿ ತಂದವರು ರಾಮದುರ್ಗದ ಸೋದರಮಾವ. ಎತ್ತರದ ಗೋಪುರದಾಗ ಕುಂತು, ಯಾವ ವಿಮಾನ ಯಾವಾಗ ಏರಬೇಕು, ಯಾವಾಗ ಇಳೀಬೇಕು ಅಂತ ರೇಡಿಯೋದಾಗ ಹೇಳೂ ಕೆಲಸ ಅದು ಅಂತ ಅವರು ಬಿಡಿಸಿ ಬಿಡಿಸಿ ಹೇಳಿದರು. ಅಪ್ಪನ ಕಿವಿಗೆ ಬಿದ್ದದ್ದು ಕಂಟ್ರೋಲರ್ ಅನ್ನುವ ಒಂದೇ ಶಬ್ದ. ನಮ್ಮ ಕಡೆ ಕಂಟ್ರೋಲರ್ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಸರಳಿನ ಕಿಟಕಿಯ ಹಿಂದೆ ಕೂತು, ಮೈಕಿನಲ್ಲಿ ಬಸ್ಸಿನ ಹೆಸರು ಒದರುವವನು.

"ಇದಕ್ಕ ನಾ ಇಂಜಿನಿಯರಿಂಗ್ ಕಲಿಸಿದ್ನೇನು?" ಅಂದರು ಅಪ್ಪ.

ಮಾವ ಸೋಲುವ ಪೈಕಿ ಅಲ್ಲ. ಕಂಟ್ರೋಲರ್ ಹುದ್ದೆಯ ಗತ್ತು ಕಣ್ಣಾರೆ ತೋರಿಸುತ್ತೇನೆ ಅಂತ ನಮ್ಮಿಬ್ಬರನ್ನೂ ಬಸ್ ಸ್ಟ್ಯಾಂಡಿಗೇ ಕರೆದುಕೊಂಡು ಹೋದರು. ಅಲ್ಲಿಯ ಕಂಟ್ರೋಲರ್ ಮಾವನ ಪರಿಚಯದವರು. ವಿಷಯ ತಿಳಿದು ಅವರ ಎದೆ ಉಬ್ಬಿತು. ನಮ್ಮನ್ನು ಒಳಗೆ ಕೂರಿಸಿ, ಕಿಟಕಿಗೆ ಬೆನ್ನು ಮಾಡಿ ಹೇಳಿದರು: "ಅಣ್ಣಾರ, ಡ್ರೈವರನ ಕೈಯಾಗ ಸ್ಟೇರಿಂಗ್ ಅಷ್ಟ ಇರತೈತ್ರಿ. ಗಾಡಿ ಬಿಡೂ ಅಧಿಕಾರ ನಂದು. ನಾ ಹೂಂ ಅನ್ನೂತನಕ ಈ ಸ್ಟ್ಯಾಂಡಿನಾಗಿಂದ ಒಂದು ಗಾಡಿನೂ ಅಲ್ಲಾಡೂದಿಲ್ಲ."

ಅವರ ಬೆನ್ನ ಹಿಂದೆ ಸವದತ್ತಿ ಬಸ್ಸು ಸದ್ದಿಲ್ಲದೆ ಹೊರಟು ಹೋಯಿತು. ಅವರು ಸೀಟಿ ಊದುತ್ತ ಅದರ ಹಿಂದೆ ಓಡಿದರು. ಅಪ್ಪ ಎದ್ದು ಟೊಪ್ಪಿಗೆ ಸರಿ ಮಾಡಿಕೊಂಡು ಮಾವನಿಗೆ ಅಂದರು: "ನಡಿ, ಗತ್ತು ನೋಡಿದಂಗಾತು."

ಆಯಿಯ ತಕರಾರು

ಸವದತ್ತಿಯಲ್ಲಿದ್ದ ನಮ್ಮ ಆಯಿಗೆ, ಅಂದರೆ ಅವ್ವನ ತಾಯಿಗೆ, ಪೈಲಟ್ ಕೆಲಸ ಬಿಲ್‌ಕುಲ್ ಒಪ್ಪಿಗೆ ಇರಲಿಲ್ಲ. ಬಸ್ಸು ಕೆಟ್ಟರೆ ಇಳಿದು ಗಿಡದ ನೆರಳಿನಲ್ಲಿ ಕೂರಬಹುದು, ಬರುವ ಟ್ರಕ್ಕಿಗೆ ಕೈ ಮಾಡಬಹುದು. ಮೇಲೆ ಕೆಟ್ಟು ನಿಂತರೆ ಯಾರಿಗೆ ಕೈ ಮಾಡುತ್ತೀ ಅಂತ ಕೇಳಿದಳು. ವಿಮಾನ ಹಾಗೆಲ್ಲ ಕೆಡುವುದಿಲ್ಲ, ದೊಡ್ಡ ವಿಮಾನಕ್ಕೆ ಎರಡು ಇಂಜಿನ್ ಇರುತ್ತವೆ ಅಂತ ನಾನು ಸಮಾಧಾನ ಹೇಳಿದೆ.

ಆಯಿ ಎಲೆಗೆ ಸುಣ್ಣ ಹಚ್ಚುತ್ತ ಅಂದಳು: "ಎರಡು ಯಾಕ ಇಟ್ಟಾರ? ಒಂದು ಕೆಡತೈತಿ ಅಂತ ಮಾಡಿದಾವರಿಗೂ ಗೊತ್ತೈತಿ."



ಸಾವಕಾಶ

ಕೊನೆಗೆ ಅಪ್ಪ ಒಂದು ತೀರ್ಮಾನಕ್ಕೆ ಬಂದರು. ಮಗಳನ್ನು ಕಳಿಸುವ ಮೊದಲು ತಾವೇ ಒಮ್ಮೆ ಮೇಲೆ ಹೋಗಿ ನೋಡುವುದು. ದೂರದ ಊರಿನ ಒಂದು ಹಾರಾಟ ಕಲಿಸುವ ಶಾಲೆಗೆ ಇಬ್ಬರೂ ಹೋದೆವು. ವಿಮಾನ ನೋಡಿ ಅಪ್ಪನಿಗೆ ನಿರಾಸೆಯಾಯಿತು. ನಮ್ಮ ಅಂಗಡಿಯ ಹಳೆಯ ಅಂಬಾಸಿಡರ್ ಅದಕ್ಕಿಂತ ದೊಡ್ಡದಿತ್ತು. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

ಕಲಿಸುವ ಗುರುಗಳು ಪಂಜಾಬದ ಕಡೆಯವರು, ಕನ್ನಡದ ಗಂಧ ಇಲ್ಲ. ಅಪ್ಪನಿಗೆ ಮಾರುಕಟ್ಟೆಗೆ ಸಾಕಾಗುವಷ್ಟು ಹಿಂದಿ ಬರುತ್ತಿತ್ತು, ಅದೂ ಮನಸ್ಸು ಶಾಂತವಿದ್ದಾಗ ಮಾತ್ರ. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ ಅಂದರೆ ಟೊಪ್ಪಿಗೆ ತೆಗೆಯಲು ಒಪ್ಪಲಿಲ್ಲ. ಹಾಗೇ ವಿಮಾನ ಏರಿ, ಧೋತರ ಒಟ್ಟು ಮಾಡಿಕೊಂಡು ಕೂತರು.

ನಾನು ಶಾಲೆಯವರ ಸಣ್ಣ ಗೋಪುರದಲ್ಲಿ ನಿಂತು ನೋಡುತ್ತಿದ್ದೆ. ಮೈದಾನದ ಸುತ್ತ ಒಂದು ಸುತ್ತು ಹಾಕಿ ಇಳಿಯುವುದು ಅಂತ ಮಾತಾಗಿತ್ತು. ವಿಮಾನ ಏರಿತು. ಮತ್ತೆ ಏರಿತು. ಸುತ್ತು ಹಾಕುವುದು ಬಿಟ್ಟು ಏರುತ್ತಲೇ ಹೋಗಿ ಹದ್ದಿನಷ್ಟಾಯಿತು, ಆಮೇಲೆ ನೊಣದಷ್ಟಾಯಿತು. ನಾನು ಕಿಟಕಿಯ ಗಾಜಿಗೆ ಮೂಗು ಹಚ್ಚಿ ಅಪ್ಪಾ ಅಂತ ಕೂಗಿದೆ. ಗೋಪುರದಲ್ಲಿ ಕೂತಿದ್ದ ಕಂಟ್ರೋಲರ್ ಮಾತ್ರ ಗಾಬರಿಯಾಗದೆ, ಊಟಕ್ಕೆ ಕರೆಯುವ ದನಿಯಲ್ಲಿ ರೇಡಿಯೋದಲ್ಲಿ ಮಾತಾಡಿ, ನೊಣವನ್ನು ಮತ್ತೆ ಹದ್ದು ಮಾಡಿ, ಹದ್ದನ್ನು ವಿಮಾನ ಮಾಡಿ ನೆಲಕ್ಕೆ ತಂದ. ಹಾರುವುದಕ್ಕಿಂತ ಈ ಕೆಲಸ ಚಲೋ ಅಂತ ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

ಆದದ್ದಿಷ್ಟು. ಚಕ್ರ ನೆಲ ಬಿಟ್ಟ ಕೂಡಲೇ ಅಪ್ಪ "ಸಾವಕಾಶ್ರೀ, ಸಾವಕಾಶ" ಅಂತ ಸುರು ಮಾಡಿದ್ದಾರೆ. ಇಂಜಿನ್ ಸದ್ದಿನಲ್ಲಿ ಗುರುಗಳಿಗೆ ಕೇಳಿಸಿದ್ದು "ಆಕಾಶ್, ಆಕಾಶ್." ಹಿರಿಯರಿಗೆ ಇನ್ನೂ ಮೇಲೆ ಹೋಗುವ ಹುಮ್ಮಸ್ಸು ಅಂತ ಅವರು ಏರಿಸಿದ್ದಾರೆ. ಅಪ್ಪ ಇನ್ನೂ ಜೋರಾಗಿ ಸಾವಕಾಶ ಅಂದಿದ್ದಾರೆ. ಅವರು ಇನ್ನೂ ಏರಿಸಿದ್ದಾರೆ. ಇಷ್ಟು ಧೈರ್ಯದ ಮುದುಕರನ್ನು ತಾನು ಕಂಡೇ ಇಲ್ಲ ಅಂತ ಆ ಗುರುಗಳು ಆಮೇಲೆ ನನ್ನ ಕೈ ಕುಲುಕಿ ಹೇಳಿದರು. ಧೈರ್ಯದ ಮುದುಕರು ಹುಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಹುಲ್ಲು ಹಿಡಿದುಕೊಂಡಿದ್ದರು.

ಊರಿಗೆ ಬರುವ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನ ಸರಳು ಹಿಡಿದುಕೊಂಡೇ ಕೂತಿದ್ದರು. ಧಾರವಾಡ ದಾಟಿದ ಮೇಲೆ ಕೇಳಿದರು: "ಆ ಕಂಟ್ರೋಲರ್ ಕುಂದ್ರೂ ಖೋಲಿ ನೆಲದ ಮ್ಯಾಲೆ ಇರತೈತೇನು?"

ಇಲ್ಲ, ಅದೂ ಎತ್ತರದಲ್ಲೇ ಇರುತ್ತದೆ, ಮೆಟ್ಟಿಲು ಹತ್ತಿ ಹೋಗಬೇಕು ಅಂದೆ.

"ಮೆಟ್ಟಲಾ ಇದ್ರ ಅಡ್ಡಿ ಇಲ್ಲ ಬಿಡು" ಅಂದರು.

ಊರವರ ವಿಮಾನ

ಪರೀಕ್ಷೆ ಪಾಸಾಗಿ, ತರಬೇತಿ ಮುಗಿಸಿ, ದೊಡ್ಡ ಊರೊಂದರ ನಿಲ್ದಾಣಕ್ಕೆ ಸೇರಿಕೊಂಡೆ. ಅಲ್ಲಿಂದ ಮುಂದೆ ನಮ್ಮ ಕಡೆ ಆಕಾಶದಲ್ಲಿ ಏನು ಹಾರಿದರೂ ಅದಕ್ಕೆ ನಾನೇ ಜವಾಬ್ದಾರಳಾದೆ. ದೇಗಾಂವದ ಅತ್ತೆ ಫೋನು ಮಾಡಿ, ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣ ಹಾಕಿದ್ದೇನೆ, ಮಧ್ಯಾಹ್ನದ ವಿಮಾನದವನು ಸರಿಯಾಗಿ ಅದರ ಮೇಲೇ ಹೋಗುತ್ತಾನೆ, ಸ್ವಲ್ಪ ಬಾಜೂಕ್ಕ ಹೋಗಲು ಹೇಳು ಅಂದರು. ಅದು ನನ್ನ ಸರಹದ್ದಿಗೆ ಬರುವ ವಿಮಾನವೇ ಅಲ್ಲ. ಹೇಳಿದರೆ ಅವರಿಗೆ ತಿಳಿಯುವುದೂ ಇಲ್ಲ. ಆಯ್ತು ಅಂದೆ. ಮುಂದಿನ ವಾರ ಅವರದೇ ಫೋನು: "ಹೇಳಿದಿ ಕಾಣತೈತಿ. ಈ ವಾರ ಭಾಳ ಮರ್ಯಾದಿಲೆ ಹೋಗ್ಯಾನ."

ಯರಗಟ್ಟಿಯ ವ್ಯಾಪಾರಿಯೊಬ್ಬರು, ಅಪ್ಪನ ದೋಸ್ತರು, ಇನ್ನೂ ಒಂದು ಕೈ ಮುಂದೆ. ನಮ್ಮ ನಿಲ್ದಾಣದಿಂದಲೇ ಮೊದಲ ಸಲ ವಿಮಾನದಲ್ಲಿ ಹೊರಟಿದ್ದರು. ಟ್ಯಾಕ್ಸಿ ದಾರಿಯಲ್ಲಿ ಸಿಕ್ಕಿಬಿದ್ದಿದೆ, ನಾ ಬರುವತನಕ ವಿಮಾನ ನಿಂದರಿಸು ತಂಗಿ ಅಂತ ಫೋನು ಮಾಡಿದರು. ಹಾಗೆ ನಿಲ್ಲಿಸಲು ಬರುವುದಿಲ್ಲ ಕಾಕಾ ಅಂತ ತಿಳಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ನನ್ನ ಕಷ್ಟ ಅರ್ಥವಾದವರ ಹಾಗೆ ದನಿ ಇಳಿಸಿ ಅಂದರು:

"ಹಂಗಾರ ಒಂದು ಕೆಲಸ ಮಾಡು. ಕಿಡಕ್ಯಾಗಿಂದ ಒಂದು ಟಾವೆಲ್ ಒಗದು ನನ್ನ ಸೀಟ ಹಿಡದಿಡು."

ತಿರುಗಿ ಹೇಳುವುದು

ನನ್ನನ್ನು ನೋಡಲು ಕಿತ್ತೂರಿನಿಂದ ಗಂಡಿನ ಕಡೆಯವರು ಬಂದಾಗಿನ ಕಥೆ ಇದು. ಬಂದವರು ಹುಡುಗ ಮತ್ತು ಅವನ ತಂದೆ ತಾಯಿ, ಮೂವರೇ. ಹುಡುಗ ಬ್ಯಾಂಕಿನಲ್ಲಿದ್ದ. ಹುಡುಗನ ತಂದೆ ಚಪ್ಪಲಿ ಬಿಡುವಾಗಿನಿಂದಲೇ ಮಾತು ಸುರು ಮಾಡಿದ್ದರು. ಅವರ ಹೆಂಡತಿ ನಡುನಡುವೆ ಸಣ್ಣ ದನಿಯಲ್ಲಿ ಏನಾದರೂ ಹೇಳುತ್ತಿದ್ದರು, ಅದು ಗಂಡನ ಕಿವಿಗೆ ಹೋಗುತ್ತಿರಲಿಲ್ಲ. ಚಹಾ ಸುಡುತ್ತದೆ ಅಂದರು; ಇವರು ಕುಡಿದು ನಾಲಿಗೆ ಸುಟ್ಟುಕೊಂಡರು. ಆ ಕುರ್ಚಿ ಅಲ್ಲಾಡುತ್ತದೆ ಅಂದರು. ಇವರು ಅದರಲ್ಲೇ ಕೂತು ಒಂದು ಕಡೆ ವಾಲಿದರು.

ವಾಲಿಕೊಂಡೇ ನನ್ನ ಕೆಲಸದ ಬಗ್ಗೆ ಕೇಳಿದರು. ಹೇಳಿದೆ.

"ನೀ ಹೇಳಿದಂಗ ಪೈಲಟ್ ಕೇಳ್ತಾನನು?" ಅಂದರು ಅವರು.

"ಕೇಳ್ಬೇಕ್ರಿ. ನಾ ಹೇಳಿದ್ದನ್ನ ತಿರುಗಿ ನನಗ ಹೇಳಿ ಒಪ್ಪಿಸಬೇಕು. ತಪ್ಪಿದ್ರ ತಿದ್ದತೇನಿ. ಸರಿಯಾಗಿ ಹೇಳೂತನಕ ಬಿಡೂದಿಲ್ಲ."

ಹುಡುಗನ ತಾಯಿ ಕಪ್ಪು ಕೆಳಗಿಟ್ಟರು. "ಗಂಡಸರೂ ಹಿಂಗ ಮಾಡ್ತಾರನವಾ?"

"ಹೂನ್ರಿ."

"ದೊಡ್ಡ ಮೀಸಿ ಇದ್ದಾವರೂ?"

"ಮೀಸಿ ಕಾಣೂದಿಲ್ರಿ. ದನಿ ಅಷ್ಟ ಕೇಳ್ತೈತಿ."

ಅವರು ಗಂಡನ ಮೀಸೆಯನ್ನೊಮ್ಮೆ ನೋಡಿದರು.

ಹುಡುಗನಿಗೆ ಏನಾದರೂ ಹೇಳುವುದಿದ್ದರೆ ಹೇಳು ಅಂತ ಅಪ್ಪ ನನಗೆ ಹೇಳಿದರು. ಮದುವೆಗಾಗಿ ಕೆಲಸ ಬಿಡುವ ಮನಸ್ಸು ನನಗಿರಲಿಲ್ಲ. ಅದಕ್ಕೆ ಅಂಜಿಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಪಾಳಿ ನೌಕರಿ, ಕೆಲವು ದಿನ ಹಗಲು ಮಲಗುತ್ತೇನೆ, ಆಗ ಯಾರೂ ಎಬ್ಬಿಸಬಾರದು. ಅಡಿಗೆ ಇಬ್ಬರೂ ಮಾಡಬೇಕು. ವರ್ಗ ಆದರೆ ಕೂಡಿ ವಿಚಾರ ಮಾಡಬೇಕು.

ಅವ್ವ ಬಾಗಿಲ ಹಿಂದಿನಿಂದ ನನ್ನನ್ನು ಕಣ್ಣಲ್ಲೇ ಸುಟ್ಟಳು. ಹುಡುಗನ ಹಣೆಯ ಮೇಲೆ ಬೆವರು ಬಂದಿತ್ತು. ಅವನು ಎದ್ದು ನಿಂತ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈ ಕಟ್ಟಿಕೊಂಡ.

"ಪಾಳಿ ನೌಕರಿ. ಹಗಲ ಮಲಗಿದ್ರ ಎಬ್ಬಸಬಾರದು. ಅಡಗಿ ಇಬ್ಬರೂ. ವರ್ಗ ಆದ್ರ ಕೂಡಿ ವಿಚಾರ ಮಾಡೂದು." ಆಮೇಲೆ ನನ್ನ ಕಡೆ ನೋಡಿ ಕೇಳಿದ: "ಬರೋಬ್ಬರಿ ಐತೇನ್ರಿ?"

"ಬರೋಬ್ಬರಿ ಐತ್ರಿ" ಅಂದೆ, ರೂಢಿಯ ಮೇಲೆ.

ಹುಡುಗನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಡನ ಕಡೆ ತಿರುಗಿ, ಮೊದಲ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಾ ನಿಮ್ಮ ಮನಿಗೆ ಬಂದಾಗಿಂದ, ಹೆಣ್ಮಗಳು ಹೇಳಿದ್ದನ್ನ ಒಬ್ಬ ಗಂಡಸು ಪೂರಾ ಕೇಳಿದ್ದು ಇವತ್ತ ಕಂಡೆ. ಹುಡುಗನ ಒಪ್ಪಿಗಿ ಆಮ್ಯಾಲೆ ಕೇಳ್ರಿ. ನಂದು ಒಪ್ಪಿಗಿ ಐತಿ. ಲಗ್ನ ಇವತ್ತ ಗಟ್ಟಿ ಮಾಡ್ರಿ."

ಹುಡುಗನ ತಂದೆ ತಟ್ಟೆಯ ಬೇಸನ್ ಉಂಡಿ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು.

"ಆಂ? ಏನಂದಿ?"