ನೋಟಿಸಿಗೆ ಬಂದ ಕುರಿಗಳು

ಈ ಭೂಮಿಯ ಮೇಲೆ ನನಗೆ ಓದಲು ಬಾರದ ಲಿಪಿ ಇನ್ನೂ ಹುಟ್ಟಿಲ್ಲ. ಗುಡೇಕೋಟೆ ಬಂಡೆಯ ಮೇಲೆ ಕರಡಿ ಪರಚಿದ ಗೆರೆಗಳನ್ನೇ ಓದಿ, ಅದಕ್ಕೆ ಯಾರ ಮೇಲೆ ಸಿಟ್ಟು ಎಂದು ಹೇಳಿದವನು ನಾನು. ಕರಡಿ ತಲೆಯಾಡಿಸಿ ಒಪ್ಪಿಕೊಂಡಿತು. ಹೀಗಿರುವಾಗ ಬಸ್ ಸ್ಟ್ಯಾಂಡಿನ ನನ್ನ ರೀಚಾರ್ಜ್ ಅಂಗಡಿಗೆ ಜನ ಫೋನ್ ಹಿಡಿದು ಓಡಿಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ತಪ್ಪು ಭೀಮೇಶನದು. ನಮ್ಮೂರ ಪಂಚಾಯ್ತಿಯಲ್ಲಿ ಅವನು ಕಂಪ್ಯೂಟರ್ ಆಪರೇಟರ್, ಅದೂ ತಾತ್ಕಾಲಿಕ. ಜನ ಬಾರದೆ ಗ್ರಾಮಸಭೆ ಎರಡು ಸಲ ಮುಂದಕ್ಕೆ ಹೋಗಿತ್ತು.

"ಇವತ್ತು ನಾಕು ಗಂಟಿಗೆ ನೂರು ಸಹಿ ಬೀಳದಿದ್ರ, ನಾಳಿಯಿಂದ ನೀನು ಮನ್ಯಾಗ ಇರು," ಎಂದು ಪಿಡಿಒ ಸೌಭಾಗ್ಯ ಮೇಡಂ ಬೆಳಿಗ್ಗೆಯೇ ಹೇಳಿದ್ದರು.

ಅವನು ನಾಲ್ಕು ಪುಟದ ನೋಟಿಸನ್ನು ಕಚೇರಿಯ ಕಂಪ್ಯೂಟರಿನಲ್ಲಿ, ಅಜ್ಜನ ಕಾಲದ ಫಾಂಟಿನಲ್ಲಿ ಟೈಪು ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಅಂಟಿಸಿದ. ಆ ಫಾಂಟಿನ ಅಕ್ಷರಗಳು ಒಳಗೆ ಇಂಗ್ಲಿಷೇ, ಮೇಲೆ ಮಾತ್ರ ಕನ್ನಡದ ಬಣ್ಣ. ಫೋನಿಗೆ ಬಂದೊಡನೆ, ಮಳೆಗೆ ಸಿಕ್ಕ ಬಯಲಾಟದ ಪಾತ್ರಧಾರಿಯಂತೆ ಬಣ್ಣ ತೊಳೆದುಹೋಯಿತು. ಟೋಪಿ ಹಾಕಿದ ಎ, ಬಾಲ ಬಂದ ಸಿ, ನಡುವೆ ಒಂದಿಷ್ಟು ಅರ್ಧ, ಕಾಲು ಎಂಬ ಲೆಕ್ಕದ ಗುರುತುಗಳು. ಉಳಿದದ್ದು ಇಷ್ಟೇ.

"ಸುಂಕಪ್ಪಣ್ಣ, ಇದು ಯಾವ ಭಾಷಿ ನೋಡಪ," ಎಂದಳು ಇನ್ನೂರು ಕುರಿಗಳ ಒಡತಿ ಕೆಂಚಕ್ಕ.

"ತೆಲುಗು ಇರಬೇಕು," ಎಂದ ಅವಳ ಪಕ್ಕದ ಮನೆಯ ಎರ್ರೆಪ್ಪ.

"ನಮ್ಮವ್ವನ ತವರು ರಾಯದುರ್ಗ. ತೆಲುಗು ಹಿಂಗ ಬಾಲ ಬಿಡಂಗಿಲ್ಲ, ಸುಮ್ನಿರು."

ಇಪ್ಪತ್ತು ಜೊತೆ ಕಣ್ಣು ನನ್ನ ಮೇಲೆ. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿದೆ: "ಕುರಿ ಇರೋರು ನಾಕು ಗಂಟಿಗೆ ಕುರಿ ಸಮೇತ ಪಂಚಾಯ್ತಿ ಮುಂದ ಬರಬೇಕು. ಐವತ್ತು ಕುರಿಗೆ ಒಂದು ಸೀಮಿ ಟಗರು ಪುಕ್ಕಟಿ."

"ಇಷ್ಟುದ್ದ ಬರದಾರ, ಇಷ್ಟ ಐತೇನು?"

"ಉಳಿದದ್ದು ಟಗರಿನ ವರ್ಣನಿ," ಎಂದೆ.

ಅತ್ತ ಭೀಮೇಶ ಊಟ ಬಿಟ್ಟು, ಕೊಟ್ಟೂರಿನ ಗೆಳೆಯನಿಗೆ ಫೋನ್ ಹಚ್ಚಿ, ಯೂನಿಕೋಡ್ ಎಂಬ ಮಂತ್ರ ಕೇಳಿಕೊಂಡು, ನೋಟಿಸನ್ನು ಅದಕ್ಕೆ ಬದಲಾಯಿಸುತ್ತ ಕುಳಿತಿದ್ದ. ಒತ್ತಕ್ಷರಗಳು ತಾಯಿಯನ್ನು ಬಿಟ್ಟ ಮರಿಗಳಂತೆ ಬೇರೆ ಸಾಲಿಗೆ ಹೋಗಿ ನಿಲ್ಲುತ್ತಿದ್ದವು. ಒಂದೊಂದನ್ನೇ ಕಿವಿ ಹಿಡಿದು ತಂದು ಕೂಡಿಸಿದ. ಕೊನೆಗೆ ಕಳಿಸುವ ಗುಂಡಿ ಒತ್ತಿ ಹೊರಗೆ ಬಂದರೆ, ಅಂಗಳದಲ್ಲಿ ಎಂಟು ಲಕ್ಷ ಕುರಿ.

ಹೋಗಲಿ, ಎಂಟುನೂರು. ಅವುಗಳ ನಡುವೆ ನೂರಿಪ್ಪತ್ತು ಜನ. ಮೇಡಂ ಮುಖ ಅರಳಿತು.

"ಭೀಮೇಶ್, ಅದೇನು ಬರದಿದ್ಯಪ್ಪ? ಇಂಥಾ ಸಭಿ ಎಲ್ಲೂ ಆಗಿಲ್ಲ. ಲಗೂನ ಸಹಿ ಮಾಡಸು."

ಹನ್ನೊಂದು ಸಹಿ ಬಿದ್ದವು. ಆಗ ನೆಟ್‌ವರ್ಕ್ ಎಚ್ಚರಗೊಂಡು ಅಷ್ಟೂ ಫೋನುಗಳು ಒಮ್ಮೆಲೇ ಕಿಣಿಕಿಣಿ ಎಂದವು. ಸರಿಪಡಿಸಿದ ನೋಟಿಸು ಮುತ್ತಿನಂಥ ಕನ್ನಡದಲ್ಲಿ ಬಂದು ತಲುಪಿತ್ತು. ಕೆಂಚಕ್ಕ ಗಟ್ಟಿಯಾಗಿ ಓದಿದಳು: "ವಿಷಯ: ರಸ್ತೆ ಒತ್ತುವರಿ ಮಾಡಿ ಹಾಕಿರುವ ಕುರಿ ರೊಪ್ಪಗಳನ್ನು ತೆರವುಗೊಳಿಸುವುದು. ಸಹಿ ಮಾಡಿದವರು ಇದಕ್ಕೆ ಒಪ್ಪಿದಂತೆ."

ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಳ ಖಾಲಿ. ಹನ್ನೊಂದು ಸಹಿಯ ಹಾಳೆಯನ್ನು ಎರ್ರೆಪ್ಪ ತನ್ನ ಟಗರಿಗೆ ತಿನ್ನಿಸಿಯೇ ಹೋದ.

"ಕನ್ನಡ ಚೆಂದ ಬಂದೈತಿ," ಎಂದರು ಮೇಡಂ. "ನಾಳಿಯಿಂದ ಬರಬ್ಯಾಡ."

ಸುಂಕಪ್ಪ ಓದಿದ ಟಗರು ಎಲ್ಲಿ ಎಂದು ಜನ ಬೈಯುತ್ತ ಹೋದದ್ದು ಕೇಳಿ, ಸಭೆ ನೋಡಲು ಬಂದಿದ್ದ ನಾನು ಗೋಡೆಯ ಮರೆಯಲ್ಲಿ ಜಾರಿಕೊಳ್ಳುತ್ತಿದ್ದೆ. ಪೊರಕೆ ಹಿಡಿದು ಹಿಕ್ಕೆ ಗುಡಿಸುತ್ತಿದ್ದ ಭೀಮೇಶ ಕೂಗಿದ.

"ಅಣ್ಣ, ನಿಲ್ಲು. ನಾ ಕಳಿಸಿದ್ದು ನನಗ ಓದಾಕ ಬರಲಿಲ್ಲ. ನಿನಗ ಹೆಂಗ ಬಂತು?"

"ನನಗೂ ಬರಲಿಲ್ಲಪ್ಪ."

"ಮತ್ತ ಟಗರು ಎಲ್ಲಿಂದ ಬಂತು?"

ನಾನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತ ನಿಂತೆ.

"ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು ತಮ್ಮಾ. ಬರಂಗಿಲ್ಲ ಅನ್ನಾಕ ನಾಚಿಕಿ ಆತು."