ಚಿಂದಿ ರಾಗದ ಶೋಕ

ಗೆಳೆಯ ರೇಣುಕಾಪ್ರಸಾದನ ಮೊದಲ ವರ್ಷದ ಪುಣ್ಯಸ್ಮರಣೆಗೆ ಇಡೀ ಸಭೆಯನ್ನು ಅಳಿಸಿಯೇ ತೀರುತ್ತೇನೆ ಎಂದು ಪರಮೇಶ ಶಪಥ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಬಿಸಿ ಅವಲಕ್ಕಿಯ ತಟ್ಟೆಯ ಮುಂದೆ.

"ಕರ್ಚೀಫು ಸಾಲಲ್ಲ ವೀಣಾ, ಜನ ಟವೆಲ್ ತರಬೇಕು. ಅಂಥಾ ಪೀಸ್ ಕಂಪೋಸ್ ಮಾಡ್ತೀನಿ."

"ಮೊದ್ಲು ಅವಲಕ್ಕಿ ತಿನ್ನಿ," ಎಂದಳು ಹೆಂಡತಿ. "ಆರಿಹೋದ್ರೆ ನೀವೇ ಅಳ್ತೀರ."

ಪರಮೇಶ ಭದ್ರಾವತಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ಗೆರೆ ಎಳೆದವನು. ಆ ಕಾರ್ಖಾನೆಯ ಕ್ಲಬ್ಬಿನಲ್ಲಿ ಯಾವ ಕಾಲದ್ದೋ ಒಂದು ಪಿಯಾನೊ ಇತ್ತು. ಉಳಿದವರೆಲ್ಲ ಅದರ ಮೇಲೆ ಕೇರಂ ಪೌಡರಿನ ಡಬ್ಬಿ ಇಡುತ್ತಿದ್ದರು, ಇವನೊಬ್ಬ ಕೈ ಇಟ್ಟ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಫಿಟ್ಟರ್ ಒಬ್ಬ ಪಾಠ ಹೇಳಿದ. ಪಾಠದಲ್ಲಿ ಏನೇನೋ ಬಂತು, ಹೋಯಿತು. ಪರಮೇಶನನ್ನು ಹಿಡಿದುಕೊಂಡದ್ದು ಮಾತ್ರ ರ‍್ಯಾಗ್‌ಟೈಮ್, ನೂರು ವರ್ಷಕ್ಕೂ ಹಿಂದೆ ಅಮೆರಿಕದ ಕಪ್ಪು ಜನ ಕಟ್ಟಿದ ಪಿಯಾನೊ ಸಂಗೀತ. ಎಡಗೈ 'ಧಿಂ ತಕ ಧಿಂ ತಕ' ಎಂದು ಪೊಲೀಸ್ ಪೆರೇಡಿನಂತೆ ನೆಟ್ಟಗೆ ನಡೆಯುತ್ತದೆ. ಬಲಗೈ ಮಾತ್ರ ಎಲ್ಲಿ ಹೆಜ್ಜೆ ಬೀಳಬೇಕೋ ಅಲ್ಲಿ ಬೀಳದೆ, ಅರ್ಧ ಕ್ಷಣ ಎಡವಿ ಬೀಳುತ್ತದೆ. ಇಂಗ್ಲಿಷಿನಲ್ಲಿ ರ‍್ಯಾಗ್ ಎಂದರೆ ಚಿಂದಿ ಬಟ್ಟೆ. "ರ‍್ಯಾಗೂ ಅಲ್ಲ, ರಾಗಾನೂ ಅಲ್ಲ," ಎಂದು ವೀಣಾ ಗೊಣಗುತ್ತಿದ್ದಳು. "ಹೆಸ್ರು ವೀಣಾ ಅಂತ ಇಟ್ಕೊಂಡು ಪಿಯಾನೊಗೆ ಕಾಫಿ ಕಾಯಿಸೋ ಹಣೆಬರಹ ನಂದು."

ಜಗತ್ತೆಲ್ಲ ಈ ಸಂಗೀತವನ್ನು ಗಮ್ಮತ್ತಿನದು ಎಂದುಕೊಂಡಿದೆ ಎಂಬುದೇ ಪರಮೇಶನ ಕೊರಗು. ಅವನ ಲೆಕ್ಕದಲ್ಲಿ ಇದಕ್ಕಿಂತ ದುಃಖದ ಸಂಗೀತ ಇನ್ನೊಂದಿಲ್ಲ. "ಎಡಗೈ ಅನ್ನೋದು ಕಾಲ, ಅದು ಯಾರಿಗೂ ಕಾಯಲ್ಲ. ಬಲಗೈ ಮನುಷ್ಯ. ಪಾಪ, ಯಾವಾಗ್ಲೂ ಅರ್ಧ ಹೆಜ್ಜೆ ಲೇಟು," ಎಂದು ಅವನು ವಿವರಿಸುವಾಗ ಕೇಳುವವರು ಗಡಿಯಾರ ನೋಡುತ್ತಿದ್ದರು. ನೋಡದೆ ಕೇಳಿದವನು ರೇಣುಕಾಪ್ರಸಾದ ಒಬ್ಬನೇ. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವನು. ಪರಮೇಶ ಸ್ವಯಂ ನಿವೃತ್ತಿ ತೆಗೆದುಕೊಂಡು ಶಿವಮೊಗ್ಗದ ಗೋಪಾಳಕ್ಕೆ ಬಂದು, ಒಂದು ಎಲೆಕ್ಟ್ರಾನಿಕ್ ಪಿಯಾನೊ ಕೊಂಡ ಮೇಲೂ, ಅವನು ಪ್ರತಿ ಶನಿವಾರ ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಿದ್ದ. ಎರಡು ಗಂಟೆ ಕೂತು ಕೇಳುತ್ತಿದ್ದ. ಹೊಗಳುತ್ತಿರಲಿಲ್ಲ, ತೆಗಳುತ್ತಲೂ ಇರಲಿಲ್ಲ. "ಇನ್ನೊಂದು ಬಾರ್ಸು," ಎನ್ನುತ್ತಿದ್ದ ಅಷ್ಟೆ. ಹೋದ ವರ್ಷ ಒಂದು ಶುಕ್ರವಾರ ಎದೆ ಹಿಡಿದುಕೊಂಡು ಕುಸಿದವನು ಮರುದಿನದ ಬಸ್ಸಿಗೆ ಬರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಬಸ್ಸಿನ ಹೊತ್ತಿಗೆ ಪರಮೇಶ ಗೇಟಿನ ಕಡೆ ನೋಡುತ್ತ ಕೂರುತ್ತಿದ್ದ.

ಒಂದೂವರೆ ತಿಂಗಳು ಕೂತು ಪೀಸ್ ಕಟ್ಟಿದ. ಬಲಗೈಯಲ್ಲಿ ಪ್ರಸಾದನ ನಡಿಗೆ, ಬಸ್ಸಿಳಿದು ಗೇಟು ತೆಗೆಯುವ ಸದ್ದು. ಕೊನೆಯಲ್ಲಿ ಬಲಗೈ ನಿಂತುಬಿಡುತ್ತದೆ, ಎಡಗೈ ಒಂದೇ ನಡೆಯುತ್ತದೆ. ಬರೆದು ಮುಗಿಸಿದ ದಿನ ಅವನೇ ಟವೆಲ್ ಹುಡುಕಿದ. ಮೊದಲ ಶ್ರೋತೃವಾಗಿ ವೀಣಾಳನ್ನು ಕೂರಿಸಿ ನುಡಿಸಿದ. ಅವಳು ಪೂರ್ತಿ ಕೇಳಿದಳು.

"ಚೆನ್ನಾಗಿದೆ ರೀ. ಮದುವೆ ಮನೇಲಿ ಎರಡನೇ ಪಂಕ್ತಿ ಕೂತಾಗ ಹಾಕೋ ಹಾಗಿದೆ."

ಪರಮೇಶ ರಾತ್ರಿ ಊಟ ಬಿಟ್ಟ. ಮರುದಿನ ಸ್ವರಗಳನ್ನೆಲ್ಲ ಕೋಮಲಕ್ಕೆ ಇಳಿಸಿದ.

"ಈಗ?"

"ಈಗ ಕಳ್ಳಬೆಕ್ಕು ಅಡುಗೆಮನೆಗೆ ನುಗ್ಗಿದ ಹಾಗಿದೆ."

ವೇಗವನ್ನು ಅರ್ಧಕ್ಕೆ ತಂದು ನುಡಿಸಿದ. ವೀಣಾ ಗಂಭೀರವಾಗಿ ಯೋಚಿಸಿ ಹೇಳಿದಳು: "ಹೂಂ. ಈಗ ಅದೇ ಬೆಕ್ಕು ಹಾಲು ಕುಡಿದು ವಾಪಸ್ ಹೋಗ್ತಿದೆ."

ಅಷ್ಟರಲ್ಲಿ ಪಕ್ಕದ ಮನೆಯ ಶಕುಂತಲಮ್ಮ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಂದರು. "ಪರಮೇಶ್, ಒಂದು ಉಪಕಾರ ಆಗ್ಬೇಕಿತ್ತು. ನೀವು ಆ ಡ್ಯಾನ್ಸ್ ಮ್ಯೂಸಿಕ್ ಹಾಕಿದಾಗ ಇವ್ಳು ಬಾಯಿ ತೆಗೀತಾಳೆ ನೋಡಿ, ರಾಗಿ ಸರಿ ಪೂರ್ತಿ ಒಳಗೆ ಹೋಗುತ್ತೆ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಾ?"

ಪರಮೇಶ ಒಪ್ಪಿ ಮತ್ತೆ ನುಡಿಸಿದ. ಮಗುವಿನ ಹೊಟ್ಟೆಯ ಪ್ರಶ್ನೆ. ಗೆಳೆಯನ ಸಾವು ಚಮಚ ಚಮಚವಾಗಿ ಅದರ ಹೊಟ್ಟೆ ಸೇರುವುದನ್ನು ನೋಡುತ್ತ ಕೂತ.

ರೆಕಾರ್ಡ್ ಆದದ್ದು ಮೊಬೈಲಿನಲ್ಲಿ ಸುಮ್ಮನಿರುತ್ತದೆಯೇ? ಶಕುಂತಲಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮೂರನೆಯ ದಿನ ಬೆಳಿಗ್ಗೆ ಹಾಲು ತರಲು ಹೊರಟ ಪರಮೇಶ ಪಾರ್ಕಿನ ಬೇಲಿಯ ಹತ್ತಿರ ಕಂಬದಂತೆ ನಿಂತುಬಿಟ್ಟ. ಒಳಗೆ ಸ್ಪೀಕರಿನಲ್ಲಿ ಅವನ ಶೋಕ ಮೊಳಗುತ್ತಿತ್ತು. ಅದರ ತಾಳಕ್ಕೆ ಇಪ್ಪತ್ತೈದು ಮಂದಿ ನಿವೃತ್ತರು ಎರಡೂ ಕೈ ಮೇಲೆತ್ತಿ 'ಹೊ ಹೊ, ಹಾ ಹಾ ಹಾ' ಎಂದು ನಗುತ್ತಿದ್ದರು. ಮುಂದೆ ನಿಂತು ನಗಿಸುತ್ತಿದ್ದವನು ನಗೆಕೂಟದ ಸಂಚಾಲಕ ಕಾಂತರಾಜ್, ಅದೇ ಕಾರ್ಖಾನೆಯ ಹಳೆಯ ಸಹೋದ್ಯೋಗಿ.

"ಇದು ನಿಮ್ದಾ ಮಾರಾಯ್ರೆ?" ಕಾಂತರಾಜ್ ಓಡಿಬಂದು ಕೈ ಕುಲುಕಿದ. "ಚಿಂದಿ ಮ್ಯೂಸಿಕ್ಕು. ಮೊದ್ಲೆಲ್ಲ ಇವರನ್ನ ನಗಿಸೋಕೆ ಹತ್ತು ನಿಮಿಷ ಬೇಕಿತ್ತು. ಈಗ ಇದು ಶುರುವಾದ್ರೆ ಸಾಕು, ತಾವಾಗೇ ನಗ್ತಾರೆ."

"ಕಾಂತರಾಜ್, ಅದು ಸಾವಿನ ಸಂಗೀತ."

ಕಾಂತರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿ, ನೀವು ಮಾತಾಡಿದ್ರೂ ನಗು ಬರುತ್ತೆ."

ಪರಮೇಶ ಹಾಲು ಮರೆತು ಮನೆಗೆ ಬಂದು ಪಿಯಾನೊದ ಮೇಲೆ ಬೆಡ್‌ಶೀಟ್ ಹೊದೆಸಿದ. ಎರಡು ದಿನ ಅದನ್ನು ಮುಟ್ಟಲಿಲ್ಲ. ಒಬ್ಬ ಮನುಷ್ಯ ಸತ್ತುಹೋದದ್ದನ್ನು ಹೇಳಲು ತನಗೆ ಗೊತ್ತಿದ್ದದ್ದು ಒಂದೇ ಭಾಷೆ, ಆ ಭಾಷೆಯಲ್ಲಿ ಏನು ಹೇಳಿದರೂ ಜೋಕು ಎಂದರೆ, ಇಪ್ಪತ್ತು ವರ್ಷ ತಾನು ನುಡಿಸಿದ್ದಾದರೂ ಏನು? ಕಾರ್ಯಕ್ರಮಕ್ಕೆ ಹೋಗುವುದೇ ಬೇಡ ಎಂದು ತೀರ್ಮಾನಿಸಿದ ಹೊತ್ತಿಗೆ ಪ್ರಸಾದನ ಹೆಂಡತಿ ಯಶೋಧರಾಳ ಫೋನ್ ಬಂತು.

"ಪರಮೇಶಣ್ಣ, ಕಾರ್ಡಲ್ಲಿ ನಿಮ್ಮ ಹೆಸ್ರು ಹಾಕ್ಸಿದೀನಿ. ವಚನ ಆದ್ಮೇಲೆ ನಿಮ್ದೇ. ಅವರಿಗೆ ನಿಮ್ಮ ಸಂಗೀತ ಅಂದ್ರೆ ಏನು ಅಂತ ನಂಗೊತ್ತು."

ಅವಳಿಗೆ ಗೊತ್ತು. ಆ ಒಂದು ಮಾತಿನ ಬಲದಿಂದ ಪರಮೇಶ ಎದ್ದ.

ಭಾನುವಾರ ಬೆಳಿಗ್ಗೆ ಬಿಳಿ ಬೆಡ್‌ಶೀಟಿನಲ್ಲಿ ಪಿಯಾನೊವನ್ನು ಉದ್ದಕ್ಕೂ ಸುತ್ತಿ, ಮೂರು ಕಡೆ ಹಗ್ಗ ಬಿಗಿದು, ಗಂಡ ಹೆಂಡತಿ ಮುಂದೊಬ್ಬರು ಹಿಂದೊಬ್ಬರು ಹಿಡಿದು ಭದ್ರಾವತಿ ಬಸ್ಸು ಹತ್ತಿದರು. ಬಸ್ಸಿನೊಳಗೆ ಗದ್ದಲ ತಟ್ಟನೆ ನಿಂತಿತು. ಇಬ್ಬರು ಎದ್ದು ಜಾಗ ಬಿಟ್ಟರು. ಮುದುಕಿಯೊಬ್ಬಳು ಕೈ ಮುಗಿದಳು. ಕಂಡಕ್ಟರ್ ದನಿ ತಗ್ಗಿಸಿ ಕೇಳಿದ: "ಎಷ್ಟು ವರ್ಷ ಆಗಿತ್ತು ಸಾರ್?"

"ಆರು ವರ್ಷ," ಎಂದ ಪರಮೇಶ, ಪಿಯಾನೊ ಕೊಂಡದ್ದನ್ನು ನೆನೆಸಿಕೊಂಡು.

ಕಂಡಕ್ಟರ್ ಕಣ್ಣೊರೆಸಿಕೊಂಡು ಲಗೇಜ್ ಟಿಕೆಟ್ ಹರಿಯದೆ ಮುಂದೆ ಹೋದ. ಆ ಸಂಗೀತಕ್ಕೆ ಸಿಕ್ಕ ಏಕೈಕ ದುಃಖತಪ್ತ ಶ್ರೋತೃವೃಂದ ಅದು. ಅದೂ ನುಡಿಸುವುದಕ್ಕೆ ಮುಂಚೆ.

ಸಮುದಾಯ ಭವನದಲ್ಲಿ ನೂರೈವತ್ತು ಜನ ಸೇರಿದ್ದರು. ಪ್ರಸಾದನ ಫೋಟೊಕ್ಕೆ ಸೇವಂತಿಗೆ ಹಾರ. ವಚನ ಮುಗಿಯುವಾಗ ಮುಂದಿನ ಸಾಲಿನಲ್ಲಿ ಮೂಗೊರೆಸುವ ಸದ್ದು ಕೇಳುತ್ತಿತ್ತು. ವಾತಾವರಣ ಹದವಾಗಿದೆ ಎಂದು ಪರಮೇಶನಿಗೆ ಧೈರ್ಯ ಬಂತು. ಎಡಗೈ ನಡೆಯತೊಡಗಿತು, ಬಲಗೈ ಎಡವಿತು.

ಆರನೆಯ ಸಾಲಿನಲ್ಲಿ ಗೋಪಾಳದ ನಗೆಕೂಟದವರು ಎಂಟು ಮಂದಿ ಕೂತಿದ್ದರು, ಕಾಂತರಾಜ್ ಕರೆತಂದಿದ್ದ ಹಳೆಯ ಸಹೋದ್ಯೋಗಿಗಳು. ಪಾಪ, ಅವರು ಬೇಕೆಂದು ಮಾಡಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅಭ್ಯಾಸವಾದ ಮೈ. ಮೊದಲು ಒಬ್ಬರ ಕೈ ಮೇಲೆದ್ದಿತು. ಕಾಂತರಾಜ್ ಅದನ್ನು ಹಿಡಿದು ಕೆಳಗಿಳಿಸಲು ಹೋದವನು ತಾನೇ 'ಹೊ' ಎಂದ. ಪಕ್ಕದವರು 'ಹೊ' ಎಂದರು. ಮತ್ತೊಬ್ಬರು ಟವೆಲನ್ನು ಬಾಯಿಗೆ ತುರುಕಿಕೊಂಡರೂ 'ಹಾ ಹಾ' ಎಂಬುದು ಮೂಗಿನಿಂದ ಹೊರಟಿತು. ತಡೆದ ನಗು ಕೆರೆ ಕೋಡಿ ಒಡೆದಂತೆ ಐದನೆಯ ಸಾಲಿಗೆ, ನಾಲ್ಕನೆಯದಕ್ಕೆ ಹರಿಯಿತು. ಪ್ರಸಾದ ಫೋಟೊದಲ್ಲಿ ನೆಟ್ಟಗೆ ನೋಡುತ್ತಿದ್ದ.

ಬಲಗೈ ನಿಲ್ಲಬೇಕಾದ ಜಾಗ ಬರುವ ಮುಂಚೆಯೇ ಪರಮೇಶನ ಎರಡೂ ಕೈ ನಿಂತವು. ಅವನು ಎದ್ದು ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತ. ಇಪ್ಪತ್ತು ವರ್ಷದ ಸ್ನೇಹವನ್ನು ನೂರೈವತ್ತು ಜನರೆದುರು ಗೇಲಿ ಮಾಡಿ ಮುಗಿಸಿಬಿಟ್ಟೆ ಎನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಅಲ್ಲಿ ಬಾಯಿ ತೆರೆದಿದ್ದುದು ಸಾಂಬಾರಿನ ಹಂಡೆ ಮಾತ್ರ.

ಸ್ವಲ್ಪ ಹೊತ್ತಿಗೆ ಯಶೋಧರಾ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಕೆನ್ನೆಯ ಮೇಲೆ ನೀರು ಇನ್ನೂ ಆರಿರಲಿಲ್ಲ.

ಪರಮೇಶ ಅರ್ಧ ಎದ್ದ. "ಅಕ್ಕ, ನೀವು ಅತ್ರಾ?"

"ಶುರುವಾದ ಕೂಡ್ಲೆ ತಡ್ಕೊಳ್ಳೋಕಾಗ್ಲಿಲ್ಲ ಪರಮೇಶಣ್ಣ."

"ಗೊತ್ತಾಯ್ತಲ್ಲ ನಿಮಗೆ? ಒಬ್ಬರಿಗಾದ್ರೂ ಗೊತ್ತಾಯ್ತಲ್ಲ? ಅದರಲ್ಲಿ ಎಷ್ಟು ದುಃಖ ಇದೆ ಅಂತ ಪ್ರಸಾದನಿಗೆ ಒಬ್ಬನಿಗೇ ತಿಳಿದಿತ್ತು ಅಕ್ಕ."

ಯಶೋಧರಾ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಪಕ್ಕದಲ್ಲಿ ಕೂತಳು.

"ಪ್ರತಿ ಶನಿವಾರ ಸಂಜೆ ಮನೆಗೆ ಬಂದು ಚಪ್ಪಲಿ ಬಿಡೋದೇ ತಡ, 'ಯಶೋ, ತಲೆ ಸಿಡೀತಿದೆ, ಒಂದು ಮಾತ್ರೆ ಕೊಡೇ' ಅಂತಿದ್ರು. ಇವತ್ತು ಆ ಟಕಟಕ ಕೇಳಿದ ತಕ್ಷಣ ಅವರೇ ಬಾಗಿಲಲ್ಲಿ ನಿಂತು ಮಾತ್ರೆ ಕೇಳಿದ ಹಾಗಾಯ್ತು."

ಪರಮೇಶ ಸಾಂಬಾರಿನ ಹಂಡೆಯನ್ನು ನೋಡಿದ. ಆಮೇಲೆ ಕೇಳಿದ: "ಮತ್ಯಾಕೆ ಬರ್ತಿದ್ದ?"

"ನಾನೂ ಅದನ್ನೇ ಕೇಳ್ತಿದ್ದೆ. 'ನಾನೂ ಹೋಗ್ಲಿಲ್ಲ ಅಂದ್ರೆ ಆ ಬಡಪಾಯಿ ಯಾರಿಗೆ ಬಾರ್ಸ್ತಾನೆ' ಅಂತಿದ್ರು."

ಒಂದು ವರ್ಷದಿಂದ ತಡೆದಿದ್ದುದು ಆಗ ಹೊರಬಂತು. ಪರಮೇಶ ಆ ಕಟ್ಟೆಯ ಮೇಲೆ ಕೂತು, ಅಡುಗೆಯವರು ಸೌಟು ಹಿಡಿದು ನೋಡುತ್ತಿದ್ದಂತೆಯೇ, ಬಿಕ್ಕಿ ಬಿಕ್ಕಿ ಅತ್ತ. ಯಶೋಧರಾ ತಡೆಯಲಿಲ್ಲ. ಕೊನೆಗೆ ಅವನು ಮೂಗೊರೆಸಿಕೊಂಡು, ಕಲಾವಿದನ ಆಸೆ ಸಾಯುವುದಿಲ್ಲವಲ್ಲ, ಮೆಲ್ಲಗೆ ಕೇಳಿದ:

"ನಿಮಗೆ ಹೇಗನ್ಸ್ತು ಅಕ್ಕ? ನಿಜ ಹೇಳಿ."

ಯಶೋಧರಾ ಎರಡು ಬೆರಳಿನಿಂದ ಹಣೆ ಒತ್ತಿಕೊಳ್ಳುತ್ತ ಎದ್ದಳು.

"ವೀಣಾ ಹತ್ರ ಮಾತ್ರೆ ಇರ್ಬೇಕಲ್ವಾ, ಕೇಳ್ನೋಡಿ."