ಸಂಜೆ ಓಗೊಡದ ಸರ್ವರ್ ಸಾಹೇಬರಿಗೆ

ಕಲ್ಲೋಳಿ
ನವೆಂಬರ್ ೨೦೦೫

ಮಾನ್ಯ ಸರ್ವರ್ ಸಾಹೇಬರೇ,

ನಮ್ಮ ಕಾಳಿನ ಅಂಗಡಿಯಲ್ಲಿ, ಗೋವಿನಜೋಳದ ಚೀಲಗಳಿಗಿಂತ ಒಂದು ಮೊಳ ಎತ್ತರದ ಹಲಗೆಯ ಮೇಲೆ ವಿರಾಜಮಾನರಾಗಿರುವ ತಮಗೆ, ತಮ್ಮ ಧೂಳನ್ನು ದಿನಾಲೂ ಒರೆಸುವ ಗೊಮ್ಮಟೇಶನ ಸಾಷ್ಟಾಂಗ ನಮಸ್ಕಾರಗಳು. ಗೋಕಾಕದಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ, ಆಗಿನ್ನೂ ಬರೀ ಹಳೆಯ ಕಂಪ್ಯೂಟರಾಗಿದ್ದ ತಮ್ಮನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯನ್ನು ಏಳು ಭಾನುವಾರ ತಮಗೆ ಉಣಿಸಿದೆ. ಎಂಟನೆಯ ಭಾನುವಾರ ತಾವು ಬಿಳಿ ಪರದೆಯ ಮೇಲೆ 'ಇದು ಕೆಲಸ ಮಾಡುತ್ತಿದೆ' ಎಂದು ಇಂಗ್ಲಿಷಿನಲ್ಲಿ ಘೋಷಿಸಿದಿರಿ. ಇನ್ನೂ ಒಂದು ಕಡ್ಡಿಯನ್ನೂ ಎತ್ತಿಡದೆ ಇಷ್ಟು ಧೈರ್ಯವಾಗಿ ಹಾಗೆ ಹೇಳಿಕೊಂಡವರನ್ನು ನಾನು ಯಾವ ಕಚೇರಿಯಲ್ಲೂ ಕಂಡಿರಲಿಲ್ಲ.

ತಮಗೆ ವಹಿಸಿದ್ದು ದೊಡ್ಡ ಕೆಲಸವೇನಲ್ಲ. ಕಲ್ಲೋಳಿಯಲ್ಲಿ ತಾವು, ಅಂಕಲಗಿಯಲ್ಲಿ ಗೆಳೆಯ ಲಕ್ಕಪ್ಪನ ಕಂಪ್ಯೂಟರು, ಹತ್ತರಗಿಯಲ್ಲಿ ಗುರುರಾಜನದು. ಮೂವರಲ್ಲಿ ದೊಡ್ಡವರಿಲ್ಲ, ಸಣ್ಣವರಿಲ್ಲ, ನಡುವೆ ಯಜಮಾನನೂ ಇಲ್ಲ. ಫೋನ್ ತಂತಿಯ ಮೂಲಕ ಒಬ್ಬರನ್ನೊಬ್ಬರು ಕರೆದು, ಒಬ್ಬರ ಬಳಿ ಇದ್ದದ್ದರ ನಕಲನ್ನು ಇನ್ನೊಬ್ಬರು ಇಟ್ಟುಕೊಳ್ಳಬೇಕು, ಒಂದು ಮನೆಯಲ್ಲಿ ಹಾಳಾದದ್ದನ್ನು ಇನ್ನೊಂದು ಮನೆಯಿಂದ ತರಬೇಕು, ಇಷ್ಟೇ. ತಮ್ಮ ಹೊಟ್ಟೆಯಲ್ಲಿ ನಾನು ಮೊದಲು ಇಟ್ಟದ್ದು ನಮ್ಮಪ್ಪ ರಾವಸಾಹೇಬರ ದನಿ. ತೀರಿಕೊಳ್ಳುವ ಹಿಂದಿನ ವರ್ಷ ಅವರು ಸೇರಿನಿಂದ ಜೋಳ ಅಳೆಯುತ್ತಿದ್ದಾಗ, ಟೇಪ್ ರೆಕಾರ್ಡರ್ ಸರಿಯಿದೆಯೇ ಎಂದು ನೋಡಲು ನಾನು ಹಿಡಿದಿಟ್ಟದ್ದು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಅಲ್ಲಿಂದ ಇಪ್ಪತ್ತರ ತನಕ ಅಪ್ಪನ ಎಣಿಕೆ ಅದರಲ್ಲಿತ್ತು. ತಮಗೆ ಒಪ್ಪಿಸಿದ ವಾರದಲ್ಲೇ ಟೇಪ್ ರೆಕಾರ್ಡರ್ ಆ ಕ್ಯಾಸೆಟ್ಟನ್ನು ಅಗಿದುಹಾಕಿತು. ಹಾಗಾಗಿ ಆ ದನಿ ಜಗತ್ತಿನಲ್ಲಿ ತಮ್ಮೊಬ್ಬರ ಬಳಿಯೇ ಉಳಿಯಿತು.

ಹಗಲು ಫೋನು ಅಂಗಡಿಯದು. ಆದ್ದರಿಂದ ಸಂಜೆ ನಾನು ಅಂಗಡಿ ಮುಚ್ಚಿ, ಮೂಡಲಗಿಗೆ ಕಂಪ್ಯೂಟರ್ ಕಲಿಸಲು ಹೊರಟ ಮೇಲೆ ಲಕ್ಕಪ್ಪ ತಮ್ಮನ್ನು ಕರೆಯುವುದೆಂದು ಠರಾವಾಗಿತ್ತು. ಅವನು ಎರಡು ತಿಂಗಳು ಕರೆದ, ತಾವು ಒಮ್ಮೆಯೂ ಓಗೊಡಲಿಲ್ಲ. ಮೋಡೆಮ್ ಬದಲಿಸಿದೆ, ತಂತಿ ಬದಲಿಸಿದೆ, ನಾಚಿಕೆ ಬಿಟ್ಟು ತೆಂಗಿನಕಾಯಿಯನ್ನೂ ಒಡೆದೆ. ಮಿಕ್ಕವರೂ ಏನು ಸಾಚಾ ಅಲ್ಲ ಬಿಡಿ: ಸೋಮವಾರ ಎತ್ತುಗಳಿಗೆ ನೊಗ ಹೂಡದ ಮನೆತನದ ಲಕ್ಕಪ್ಪ ಕಂಪ್ಯೂಟರಿಗೂ ಅಂದು ಬಿಡುವು ಕೊಡುತ್ತಾನೆ, ಗುರುರಾಜನ ಫೋನಂತೂ ರಸ್ತೆ ಬದಿ ಅಗೆದವರ ಗುದ್ದಲಿಗೆ ಸಿಕ್ಕು ಸತ್ತೇಹೋಗಿದೆ.

ಹೋದ ಬುಧವಾರ ತಾವು ಕಟಕಟ ಹಲ್ಲು ಕಡಿದು, ಒಳಗಿನ ಡಿಸ್ಕನ್ನು ಕೊಂದುಕೊಂಡಿರಿ. ಅವ್ವ ಜಿನ್ನವ್ವ ಬಾಗಿಲಲ್ಲಿ ನಿಂತು, "ಹಂಗಾದ್ರ ಅವರ ದನಿ ಹೋತೇನೋ?" ಎಂದು ಕೇಳಿದಳು. ಹೌದೆನ್ನಲಾರದೆ ತಮ್ಮನ್ನು ಬೈದೆ, ಲಕ್ಕಪ್ಪನನ್ನು ಬೈದೆ. ಸಂಜೆ ಹೊತ್ತು ಕರೆದವರಿಗೆ ತಾವು ಓಗೊಡಲೇ ಇಲ್ಲವೆಂದು ಕೂಗಾಡಿದೆ.

"ಸಂಜಿಮುಂದ ವಾಯರ್ ನಾನ ಕಿತ್ತಿಡತೇನಿ, ಮುಂಜಾನಿ ನೀ ಏಳೂದ್ರೊಳಗ ಮತ್ತ ಸಿಗಸತೇನಿ," ಎಂದಳು ಅವ್ವ, ಯಾವ ಅಳುಕೂ ಇಲ್ಲದೆ. "ಇದು ಹೆಪ್ಪಿದ್ದಂಗ, ಒಬ್ಬರ ಮನಿದು ಇನ್ನೊಬ್ಬರ ಮನಿಗಿ ಕೊಡೂದು ಅಂತ ನೀನ ಹೇಳಿದ್ದಿ. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡತಾರೇನು?"

ಹೌದು, ಮಾನ್ಯರೇ, ಹಾಗೆ ಬಿಡಿಸಿ ಹೇಳಿದ ಜಾಣ ನಾನೇ. ಆದರೂ ಜೀವಮಾನದಲ್ಲಿ ಮೊದಲ ಸಲ ಅವ್ವನ ಮೇಲೆ ದನಿ ಏರಿಸಿದೆ. ಅವಳು ಪೂರಾ ಕೇಳಿಸಿಕೊಂಡು, "ಹಂಗಂತ ಕೇಳಿದವರಿಗಿ ಇಲ್ಲ ಅನ್ನಾಕ ಬರತೈತೇನು? ಹಿಂದ ಒಂದಿನ ಮಧ್ಯಾನ ನೀ ಉಂಡು ಮಲಗಿದಾಗ ಲಕ್ಕಪ್ಪನ ಹೇಂತಿ ರಾಜೇಶ್ವರಿಗಿ ಫೋನ್ ಮಾಡಿ, ದೀಪ ಹಚ್ಚೂದ್ರೊಳಗ ಒಯ್ಯವ್ವಾ ಅಂದೆ. ಅಕಿ ಅವತ್ತ ತಮ್ಮ ಕಂಪ್ಯೂಟರ್ ಹಚ್ಚಿ ಒಯ್ದಾಳ," ಎಂದಳು. ರಾಜೇಶ್ವರಿ ಇದನ್ನು ಗಂಡನಿಗೆ ಹೇಳಿರಲಿಲ್ಲ. ಅವನು ದಿನಾಲೂ ತಮ್ಮ ರೋಗದ ಮಾತಾಡಿದನೇ ಹೊರತು, ಹೆಪ್ಪು ಬಂತೇ ಎಂದು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ತಮಗೆ ಹೊಸ ಡಿಸ್ಕು ಹಾಕಿ, ನಿನ್ನೆ ಹಾಡುಹಗಲಲ್ಲೇ ಅಂಕಲಗಿಗೆ ಕರೆದೆ. ಕೊಟ್ಟ ಹೆಪ್ಪು ತಿರುಗಿ ಬಂತು. 'ಲಾಭ' ಎಂದರು ಅಪ್ಪ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಇಪ್ಪತ್ತರ ತನಕ ಅಲುಗದೆ ಕೂತಳು. ನಾನು ಚೀಲಗಳ ಕಡೆ ಮುಖ ತಿರುಗಿಸಿ ಅತ್ತೆ.

ಆದ್ದರಿಂದ ತಮ್ಮಲ್ಲಿ ಸವಿನಯ ಅರಿಕೆ. ಇನ್ನು ಮುಂದೆ ಸಾಯುವುದಿದ್ದರೆ ಮೂರು ದಿನ ಮೊದಲೇ ಲಿಖಿತ ನೋಟೀಸು ಕೊಡತಕ್ಕದ್ದು. ಅಂಕಲಗಿಯ ಎತ್ತುಗಳ ಮನವೊಲಿಸಿ ಲಕ್ಕಪ್ಪನ ಕಂಪ್ಯೂಟರನ್ನು ಸೋಮವಾರವೂ ಎಬ್ಬಿಸತಕ್ಕದ್ದು. ಹಾಗೂ ತಮ್ಮಂಥ ದೊಡ್ಡವರು ಸೂರ್ಯನಾರಾಯಣನಿಗೆ ಒಂದು ಮಾತು ಹೇಳಿ, ನಕಲು ಪೂರ್ತಿಯಾಗುವ ತನಕ ಆತ ಮುಳುಗದಂತೆ ನೋಡಿಕೊಳ್ಳತಕ್ಕದ್ದು. ಇಷ್ಟನ್ನು ನಡೆಸಿಕೊಟ್ಟರೆ ತಮಗೊಂದು ಹೊಸ ಹೊದಿಕೆ ಹೊಲಿಸಿಕೊಡುತ್ತೇನೆ.

ಇಷ್ಟಾದರೂ ತಮ್ಮ ಧೂಳು ಒರೆಸುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಗೊಮ್ಮಟೇಶ

ತಾ.ಕ.: ಹೊಸ ಡಿಸ್ಕು ಒಳಗೆ ಹೋದದ್ದೇ ತಡ, ತಾವು ಮತ್ತೆ 'ಇದು ಕೆಲಸ ಮಾಡುತ್ತಿದೆ' ಎಂದು ಹಾಕಿಕೊಂಡಿದ್ದೀರಿ. ಅದರ ಕೆಳಗೆ ನಾನೊಂದು ಸಾಲು ಸೇರಿಸಿದ್ದೇನೆ, ದಯವಿಟ್ಟು ಅಳಿಸಬಾರದು: 'ಮಾಡಿಸುವವರು, ಜಿನ್ನವ್ವ.' ಇದಕ್ಕೆ ತಕರಾರಿದ್ದರೆ ಬೇಗ ತಿಳಿಸಿರಿ. ಅವ್ವ ಆಗಲೇ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಳೆ.